ಎಕ್ಕಡ ಬಿಡುವ ಜಾಗ

ನನ್ನ ಚಪ್ಪಲಿಗಳು ಜೋಡಿಯಾಗಿ ಒಂದು ಕಡೆ ಬಾಳಿದ್ದು ಕಡಿಮೆ. ದೇವಸ್ಥಾನವಾಗಲಿ, ಮದುವೆ ಛತ್ರವಾಗಲಿ, ಸಾವಿನ ಮನೆಯಾಗಲಿ, ಒಂದನ್ನು ಬಾಗಿಲಿನ ಈ ಪಕ್ಕ ಬಿಡುತ್ತೇನೆ, ಇನ್ನೊಂದನ್ನು ಆ ಪಕ್ಕದ ಕಂಬದ ಹಿಂದೆ. ಕದಿಯುವವರು ಜೋಡಿ ನೋಡಿ ಕದಿಯುತ್ತಾರೆ, ಒಂಟಿ ಚಪ್ಪಲಿಯ ತಂಟೆಗೆ ಯಾರೂ ಹೋಗುವುದಿಲ್ಲ ಎನ್ನುವುದು ನನ್ನ ಲೆಕ್ಕ. ಬಸ್ಸುಗಟ್ಟಲೆ ಯಾತ್ರಿಕರು ಬಂದಿಳಿಯುವ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿಕೊಂಡವನಿಗೆ ಇಷ್ಟು ಮುನ್ನೆಚ್ಚರಿಕೆ ಬೇಕಾಗುತ್ತದೆ. ಲೆಕ್ಕವೇನೋ ಸರಿಯಾಗಿಯೇ ಇದೆ. ತೊಂದರೆ ಶುರುವಾಗುವುದು ಹೊರಗೆ ಬಂದ ಮೇಲೆ. ಯಾವುದನ್ನು ಎಲ್ಲಿ ಬಿಟ್ಟೆ ಎಂದು ನೆನಪಾಗುವುದಿಲ್ಲ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕಾದ ಕಲ್ಲಿನ ಮೇಲೆ ಕುಣಿಸುತ್ತಾ ಕಂಬಕಂಬವನ್ನೂ ಸುತ್ತುತ್ತೇನೆ. ನನ್ನ ಹೆಂಡತಿ ದೂರದ ನೆರಳಿನಲ್ಲಿ, ಈ ಮನುಷ್ಯನ ಪರಿಚಯವೇ ತನಗಿಲ್ಲ ಎನ್ನುವಂತೆ ನಿಂತಿರುತ್ತಾಳೆ. ಮನೆಗೆ ಬಂದ ಮೇಲೆ ಮಾತ್ರ ಪರಿಚಯ ಮರಳುತ್ತದೆ: "ಕಳ್ಳನಿಗೂ ಸಿಗಬಾರದು, ನಿಮಗೂ ಸಿಗಬಾರದು. ಅಷ್ಟಕ್ಕೆ ಕೊಂಡುಕೊಳ್ಳೋದಾದರೂ ಯಾಕೆ?"

ನಾನು ಪತ್ರಿಕೆಯಲ್ಲಿ ಕೆಲಸ ಮಾಡಿದವನು. ಮೊದಲು ಪಾಂಡವಪುರದಲ್ಲಿ ಕೂತು ನಾಲ್ಕು ತಾಲ್ಲೂಕುಗಳ ಸುದ್ದಿ ಬರೆದೆ, ಆಮೇಲೆ ಮೈಸೂರಿನ ಕಚೇರಿಯಲ್ಲಿ ಬೇರೆಯವರು ಬರೆದದ್ದನ್ನು ತಿದ್ದಿದೆ. ಅಲ್ಲಿ ನಮ್ಮ ಹಿರಿಯ ಉಪಸಂಪಾದಕರೊಬ್ಬರಿಗೆ 'ಚಪ್ಪಲಿ' ಎಂಬ ಪದ ಕಂಡರೆ ಆಗುತ್ತಿರಲಿಲ್ಲ. ಪುರಸಭೆಯ ಸಭೆಯಲ್ಲಿ ಸದಸ್ಯರು ಚಪ್ಪಲಿ ಎಸೆದಾಡಿದರೆ ಮಾರನೆಯ ದಿನದ ಪತ್ರಿಕೆಯಲ್ಲಿ ಅದು 'ಪಾದರಕ್ಷೆ ತೂರಾಟ' ಆಗಿರುತ್ತಿತ್ತು. "ಜನ ಕಾಫಿ ಕುಡೀತಾ ಓದೋ ಪುಟ ಕಣಯ್ಯಾ" ಎನ್ನುತ್ತಿದ್ದರು ಅವರು. ಏಟು ತಿಂದ ಸದಸ್ಯರಿಗೆ ಆ ಪದದಿಂದ ಎಷ್ಟು ಸಮಾಧಾನವಾಯಿತೋ ಗೊತ್ತಿಲ್ಲ.

ಕೆ.ಆರ್.ಎಸ್. ಕಡೆಯ ನಮ್ಮೂರಿನಲ್ಲಿ ಪಾದರಕ್ಷೆಯೂ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ. ಇದ್ದದ್ದು ಎಕ್ಕಡ. ಅದೂ ಮನೆಗೊಂದು ಜೊತೆ ಇದ್ದರೆ ಹೆಚ್ಚು. ನಮ್ಮ ಮನೆಯಲ್ಲಿ ಅದರ ಯಜಮಾನಿಕೆ ತಾತನದು. ಮೈಸೂರಿಗೆ ಹೊರಟ ದಿನ ಅವನು ಎಕ್ಕಡವನ್ನು ತೊಲೆಯ ಸಂದಿನಿಂದ ಇಳಿಸಿ, ಹರಳೆಣ್ಣೆ ಸವರಿ, ಕಂಕುಳಲ್ಲಿ ಇರುಕಿಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದ. ಪಾಲಹಳ್ಳಿಯ ಹತ್ತಿರ ಟಾರು ರಸ್ತೆ ಸಿಕ್ಕಿದ ಮೇಲೆ ಕಾಲಿಗೆ ಏರಿಸುತ್ತಿದ್ದ. ಕಲ್ಲುಮುಳ್ಳಿನ ದಾರಿಯಲ್ಲಿ ಅಟ್ಟೆ ಸವೆಯಬಾರದಲ್ಲ! ಕಾಲು ಸವೆದರೆ ಚಿಂತೆಯಿಲ್ಲ, ಅದು ಮನೆಯದೇ.

ಹಾಗೆ ಎಕ್ಕಡವನ್ನು ಕೈಯಲ್ಲಿ ಹಿಡಿದು ನಡೆಯುವ ಇನ್ನೂ ಕೆಲವರನ್ನು ನಾನು ನೋಡುತ್ತಿದ್ದೆ. ಊರಾಚೆಯ ಕೇರಿಯ ಗಂಡಸರು ನಮ್ಮ ಬೀದಿಗೆ ಬರುವಾಗ ಬೀದಿಯ ಬಾಯಲ್ಲಿ ನಿಂತು ಎಕ್ಕಡ ಬಿಚ್ಚಿ ಕೈಗೆ ತೆಗೆದುಕೊಳ್ಳುತ್ತಿದ್ದರು. ಬೀದಿ ದಾಟಿದ ಮೇಲೆ ಹಾಕಿಕೊಳ್ಳುತ್ತಿದ್ದರು. ನಾನು ಜಗಲಿಯ ಮೇಲೆ ಕೂತು ತಾತನನ್ನು ಕೇಳಿದ್ದೆ: "ಅವರೂ ನಿನ್ನಂಗೇ ಜಿಪುಣರಾ ತಾತ?"

ತಾತ ಎಲೆಯಡಿಕೆ ಉಗಿದು, "ಅವರ್ದು ಬ್ಯಾರೆ ಕಣ್ಲಾ" ಎಂದ. ಬೇರೆ ಎಂದರೆ ಏನು ಎನ್ನುವುದು ತಿಳಿಯಲು ನಾನು ಆ ಊರು ಬಿಟ್ಟು, ಪಾಂಡವಪುರಕ್ಕೆ ಬಂದು, ನಾಯಿಯಿಂದ ಕಚ್ಚಿಸಿಕೊಳ್ಳಬೇಕಾಯಿತು.

ನಾಯಿಯ ವಿಷಯ ಹೀಗೆ. ಹೊಸದಾಗಿ ವರದಿಗಾರನಾಗಿದ್ದ ದಿನಗಳಲ್ಲಿ ಒಂದು ಗ್ರಾಮಸಭೆಗೆ ಹೋಗುತ್ತಿದ್ದಾಗ ನಾಯಿಯೊಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಆಸ್ಪತ್ರೆಯಲ್ಲಿ ಸೂಜಿ ಹಾಕಿದವರು ಚನ್ನಾಜಮ್ಮ ಎಂಬ ನರ್ಸು. ಊರಿಗೆಲ್ಲ ಅವರು ಸಿಸ್ಟರಮ್ಮ. "ಏನ್ ಕೆಲಸ ಮಾಡ್ತೀಯಪ್ಪ?" ಎಂದು ಕೇಳಿದರು. ಪೇಪರಿನವನು ಎಂದೆ. "ಅದಕ್ಕೇ ಕಚ್ಚೈತೆ. ನಿಜ ಬರೀದೆ ಇದ್ರೆ ನಾಯಿಗೂ ಗೊತ್ತಾಯ್ತದೆ" ಎಂದು ಸೂಜಿ ಚುಚ್ಚಿದರು. ಸೂಜಿಗೆ ಹೋಗಿ ಬರುವುದರಲ್ಲಿ, ಅವರ ಮನೆಯ ಮಹಡಿ ಕೋಣೆ ಖಾಲಿ ಇದೆ ಎಂದು ತಿಳಿಯಿತು. ಅಲ್ಲಿಗೇ ಗಂಟುಮೂಟೆ ಸಾಗಿಸಿದೆ. ಮದುವೆಯಾಗುವವರೆಗೂ ಅಲ್ಲೇ ಇದ್ದೆ. ಅವತ್ತಿನಿಂದ ಇವತ್ತಿನವರೆಗೆ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ನಾನು 'ಪೇಪರು'.

ಅವರ ತಂದೆ ಮಾದಯ್ಯನವರು ಎಂದು ಗೊತ್ತಾದದ್ದೂ ಆ ಕೋಣೆಯಲ್ಲಿದ್ದಾಗಲೇ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ 'ಎಕ್ಕಡದ ಮಾದಯ್ಯ' ಎಂದರೆ ಹಿರಿಯರು ಈಗಲೂ ಗುರುತು ಹೇಳುತ್ತಾರೆ. ಮೊದಲು ಅದು ಬೈಗುಳವಾಗಿತ್ತಂತೆ. ಮೇಲುಬೀದಿಗಳಲ್ಲಿ ಎಕ್ಕಡ ಮೆಟ್ಟಿ ನಡೆಯುವ ಹಕ್ಕಿಗಾಗಿ ಊರೂರು ತಿರುಗಿದ ಮನುಷ್ಯ. ಹೋಟೆಲಿನ ಬೆಂಚು, ಕೆರೆಯ ಮೆಟ್ಟಿಲು, ಎಲ್ಲ ಆಮೇಲೆ ಬಂದವು. ಶುರುವಾದದ್ದು ಕಾಲಿನಿಂದ. ನಾನು ಪಾಂಡವಪುರಕ್ಕೆ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಮೊನ್ನೆ ಬೆಳಿಗ್ಗೆ ಸಿಸ್ಟರಮ್ಮನ ಫೋನು ಬಂತು.

"ಲೋ ಪೇಪರು, ನಿನ್ ಕಾರು ಓಡ್ತದಾ?"

"ಓಡ್ತದೆ ಸಿಸ್ಟರಮ್ಮ."

"ಅಂಗಾದ್ರೆ ನನ್ನ ನಮ್ಮಪ್ಪನ ತಾವ ಕರ್ಕಂಡ್ ಹೋಗು. ಬಸ್ ಹತ್ತಿ ಇಳಿಯಕ್ಕೆ ಮಂಡಿ ಬರಲ್ಲ ಅಂತವೆ."

ಅಪ್ಪನ ತಾವ ಎಂದರೆ ಮಾದಯ್ಯನವರ ಸ್ಮಾರಕ. ನಾಗಮಂಗಲ ದಾಟಿ ಬೆಳ್ಳೂರು ಕ್ರಾಸಿಗೆ ಮುಂಚೆ ಎಡಕ್ಕೆ ತಿರುಗಿದರೆ ಸಿಗುವ ಅವರ ಹುಟ್ಟೂರು ಜೋಡುಹುಣಸೆ ಕೊಪ್ಪಲಿನಲ್ಲಿ ಅದನ್ನು ಕಟ್ಟಿ ಕೆಲವು ವರ್ಷಗಳಾಗಿವೆ. ನಾನು ನೋಡಿರಲಿಲ್ಲ. ಮಗಳಾದ ಅವರು ಎಷ್ಟೋ ಸಲ ನೋಡಿರಬೇಕು ಎಂದುಕೊಂಡಿದ್ದೆ.

ಪಾಂಡವಪುರದ ಮನೆಯ ಮುಂದೆ ಅವರು ಆಗಲೇ ತಯಾರಾಗಿ ನಿಂತಿದ್ದರು. ಒಗೆದು ಮಡಿಸಿದ ಹತ್ತಿ ಸೀರೆ, ಕೈಯಲ್ಲಿ ನೀರಿನ ಬಾಟಲಿ, ಕಾಲಿಗೆ ಹೊಚ್ಚಹೊಸ ಚಪ್ಪಲಿ. ಕಾರು ಹತ್ತುವಾಗ ಮುಖ ಕಿವುಚಿದರು. ಮಂಡಿನೋವೇ ಎಂದು ಕೇಳಿದೆ.

"ಮಂಡಿ ಅಲ್ಲ ಕನಪ್ಪ, ಇದು ಕಡೀತದೆ" ಎಂದು ಚಪ್ಪಲಿ ತೋರಿಸಿದರು.

"ಹಳೇದೇ ಹಾಕ್ಕೊಂಡು ಬರಬಹುದಿತ್ತಲ್ಲ."

"ಅಪ್ಪನ ಮನೆಗೆ ಹಳೇದು ಮೆಟ್ಕಂಡು ಹೋಗಕ್ಕಾಯ್ತದಾ?"

ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಹಾಕಿಕೊಂಡು ನಿಧಾನಕ್ಕೆ ಹೋಗುತ್ತಿದ್ದೆವು. ಮಾತಿನ ಮಧ್ಯೆ ಅವರು ಸಹಜವಾಗಿ ಒಂದು ವಿಷಯ ಹೇಳಿದರು. ಆ ಸ್ಮಾರಕದ ಒಳಗೆ ಅವರು ಇದುವರೆಗೂ ಕಾಲಿಟ್ಟಿಲ್ಲ. ಪ್ರತಿ ವರ್ಷ ಅಪ್ಪನ ನೆನಪಿನ ದಿನಕ್ಕೆ ಹೋಗುತ್ತಾರೆ, ಗೇಟಿನ ಹತ್ತಿರ ನಿಲ್ಲುತ್ತಾರೆ, ಭಾಷಣ ಕೇಳುತ್ತಾರೆ, ವಾಪಸು ಬರುತ್ತಾರೆ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಅವರಪ್ಪನ ಎಕ್ಕಡ ಇಟ್ಟಿದ್ದಾರಂತೆ, ಅದನ್ನೂ ನೋಡಿಲ್ಲ.

"ಯಾಕೆ?" ಎಂದೆ.

"ಬೋರ್ಡ್ ಹಾಕವ್ರೆ. ಚಪ್ಪಲಿ ಬುಟ್ಟು ಒಳಿಕೆ ಬನ್ನಿ ಅಂತ."

ನನಗೆ ತಕ್ಷಣ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಸೀಮೆಯಲ್ಲಿ ಗೌರವದ ಜಾಗ ಎಂದರೆ ಚಪ್ಪಲಿ ಬಿಡುವ ಜಾಗ. ಡಾಕ್ಟರ ಕೋಣೆಯ ಮುಂದೆ, ಹೊಸದಾಗಿ ಬಂದ, ಹಣ ಕೊಡುವ ಬ್ಯಾಂಕಿನ ಯಂತ್ರದ ಮುಂದೆ ಕೂಡ ಚಪ್ಪಲಿ ಬಿಟ್ಟು ನಿಂತವರನ್ನು ನೋಡಿದ್ದೇನೆ. "ಒಂದು ನಿಮಿಷ ಬಿಟ್ಟು ಹೋಗಿ ಬನ್ನಿ ಸಿಸ್ಟರಮ್ಮ, ಎಲ್ಲಾ ಕಡೆ ಬಿಡೋದೇ ಅಲ್ವಾ" ಎಂದೆ.

 ಅಷ್ಟು ವರ್ಷ ಅವರ ಮನೆಯ ಮಹಡಿಯಲ್ಲಿದ್ದೂ ಕೇಳದಿದ್ದ ಕಥೆಯನ್ನು ಅವರು ಆಗ ಹೇಳಿದರು.

"ನಾನು ಮಿಡ್ಲ್ ಸ್ಕೂಲ್ ಸೇರಿದ್ದೆ. ಸ್ಕೂಲು ಆಚೆ ಊರಲ್ಲಿ. ದಾರಿ ತುಂಬಾ ಜಾಲಿಮುಳ್ಳು. ಕಾಲೆಲ್ಲಾ ಕೀವಾಗೋದು. ನಮ್ಮಪ್ಪ ಕೆ.ಆರ್. ಪೇಟೆ ಸಂತೇಲಿ ನಂಗೊಂದು ಜೊತೆ ಎಕ್ಕಡ ತಂದ, ತನ್ಗೂ ಒಂದು ಜೊತೆ ತಂದ್ಕಂಡ. ಲಾರಿ ಟೈರಿನ ಅಟ್ಟೆದು. ಕೇರಿಯಿಂದ ರೋಡಿಗೆ ಬರಬೇಕಂದ್ರೆ ದೊಡ್ಡಬೀದಿ ದಾಟಲೇಬೇಕು. ದೊಡ್ಡಬೀದಿ ಬಾಯಲ್ಲಿ ಅರಳಿಕಟ್ಟೆ. ಅಲ್ಲಿ ಎಲ್ರೂ ಎಕ್ಕಡ ಬುಡೋರು. ನಾನೂ ಬಗ್ಗಿ ಬಿಚ್ಚಕ್ಕೆ ಹೋದೆ. ನಮ್ಮಪ್ಪ ಕೈ ಹಿಡ್ಕಂಡ. 'ಬ್ಯಾಡ ಕನವ್ವ, ನಡಿ' ಅಂದ."

"ಹೆದರಿಕೆ ಆಗಲಿಲ್ವಾ?"

"ಆಗ್ದೇ ಏನು? ಆದ್ರೆ ನಂಗೆ ಎಕ್ಕಡದ ಸದ್ದೇ ಜಾಸ್ತಿ ಕೇಳ್ತಿತ್ತು. ಚಟಪಟ ಚಟಪಟ ಅಂತ. ಆ ಬೀದೀಲಿ ನಮ್ಮೋರ ಕಾಲಿನ ಸದ್ದೇ ಯಾರೂ ಕೇಳಿರ್ಲಿಲ್ಲ ನೋಡು. ಜಗಲಿ ಮೇಲಿದ್ದೋರೆಲ್ಲ ಎದ್ದು ನಿಂತ್ಕಂಡ್ರು. ಮರ್ವಾದೆ ಕೊಟ್ಟು ಎದ್ರು ಅಂತ ನಾನು ಅನ್ಕಂಡಿದ್ದೆ!" ಎಂದು ನಕ್ಕರು.

ಆಮೇಲಿನದು ನಗುವಂಥದ್ದಲ್ಲ. ಅಂಗಡಿಯಲ್ಲಿ ಕೇರಿಗೆ ಉಪ್ಪು ಕೊಡುವುದು ನಿಂತಿತು. ಹೊಲದ ಕೆಲಸ ನಿಂತಿತು. ಒಂದು ಸಂಜೆ ಮಾದಯ್ಯನವರಿಗೆ ಹೊಡೆದರು, ಕೈ ಮುರಿಯಿತು. "ಮುರಿದಿರೋದು ಕೈ ತಾನೆ, ಕಾಲು ನೆಟ್ಟಗೈತಲ್ಲ" ಎಂದು ಅವರು ಕಟ್ಟು ಹಾಕಿದ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಮತ್ತೆ ಮಗಳನ್ನು ಅದೇ ಬೀದಿಯಲ್ಲಿ ಶಾಲೆಗೆ ಕರೆದುಕೊಂಡು ಹೋದರು. ಅವರ ಹಿಂದೆ ಒಬ್ಬರು, ಆಮೇಲೆ ಇನ್ನೊಬ್ಬರು, ಆಮೇಲೆ ಇಡೀ ಕೇರಿ ನಡೆಯಿತು.

"ಈಗೇಳು, ಅವನ ಮುಂದೆ ನಾನು ಎಕ್ಕಡ ಬುಟ್ಟು ನಿಂತ್ಕಳನಾ? ಎದ್ ಬಂದು ಕೇಳ್ತಾನೆ ಅಷ್ಟೇಯ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು: "ಮಂಡಿ ದಿನದಿಂದ ದಿನಕ್ಕೆ ಕೆಡ್ತಾವೆ. ಇನ್ನೊಂದು ಸಲ ಇಲ್ಲಿಗೆ ಬರಕ್ಕಾಯ್ತದೋ ಇಲ್ಲವೋ. ಈ ಸಲ ಒಳಿಕೆ ಹೋಗೇ ಬರಬೇಕು. ಮೆಟ್ಕಂಡೇ ಹೋಗಬೇಕು. ಬುಡ್ತಾರೋ ಇಲ್ವೋ ನೋಡಾನ."

ಜೋಡುಹುಣಸೆ ಕೊಪ್ಪಲು ತಲುಪಿದಾಗ ಸ್ಮಾರಕ ಕಣ್ಣಿಗೆ ಬಿದ್ದ ಕೂಡಲೇ ನನಗೆ ಒಂದು ಸಂಗತಿ ಹೊಳೆಯಿತು. ಅದನ್ನು ಕಟ್ಟಿರುವುದು ಅರಳಿಕಟ್ಟೆಯ ಪಕ್ಕದಲ್ಲೇ. ಆ ಜಾಗಕ್ಕಾಗಿ ಸಮಿತಿಯವರು ಬಹಳ ಓಡಾಡಿ ಗೆದ್ದಿದ್ದರಂತೆ. ಹಿಂದೆ ಕೇರಿಯವರು ಎಕ್ಕಡ ಬಿಡುತ್ತಿದ್ದದ್ದು ಎಲ್ಲಿಯೋ, ಬೋರ್ಡು ನಿಂತಿದ್ದದ್ದೂ ಅಲ್ಲಿಯೇ: 'ದಯವಿಟ್ಟು ಪಾದರಕ್ಷೆಗಳನ್ನು ಇಲ್ಲಿಯೇ ಬಿಟ್ಟು ಒಳಗೆ ಬನ್ನಿ.' ನಮ್ಮ ಹಿರಿಯ ಉಪಸಂಪಾದಕರು ನೋಡಿದ್ದರೆ ಪದಬಳಕೆಗೆ ಸಂತೋಷಪಡುತ್ತಿದ್ದರು.

ಕಟ್ಟಡ ಚಿಕ್ಕದು, ಚೊಕ್ಕಟ. ಮುಂಭಾಗದ ಕಲ್ಲಿನಲ್ಲಿ 'ನಾಗರಿಕ ಹಕ್ಕುಗಳ ಹರಿಕಾರ' ಎಂದು ಕೊರೆದಿತ್ತು. ಕಚೇರಿಯಲ್ಲಿ ಕಂಡಕಂಡಲ್ಲಿ ನಾನು ಹೊಡೆದುಹಾಕುತ್ತಿದ್ದ ಪದ ಈ ಹರಿಕಾರ. ಕಲ್ಲಿನ ಮೇಲೆ ಕೆಂಪು ಪೆನ್ನು ನಡೆಯುವುದಿಲ್ಲವಾದ್ದರಿಂದ ಸುಮ್ಮನಾದೆ. ಒಳಗಿನ ನೆಲ ಕರಿ ಗ್ರಾನೈಟು. ಬಾಗಿಲಿನಿಂದ ಇಣುಕಿದರೆ ನಮ್ಮ ಮುಖ ನಮಗೇ ಕಾಣುವಷ್ಟು ಹೊಳಪು.

ಬೀಗದ ಕೈ ಹಿಡಿದು ನಮಗಾಗಿ ಕಾಯುತ್ತಿದ್ದವನು ಶಿವಣ್ಣ, ಸಿಸ್ಟರಮ್ಮನ ಅಣ್ಣನ ಮಗ, ಮಾದಯ್ಯನವರ ಮೊಮ್ಮಗ. ಊರಿನ ಹಾಲಿನ ಡೇರಿಯ ಕಾರ್ಯದರ್ಶಿ, ಸ್ಮಾರಕ ಸಮಿತಿಗೆ ಅಧ್ಯಕ್ಷ. ಬರಿಗಾಲಲ್ಲಿ ನಿಂತಿದ್ದ. ಅವನ ಚಪ್ಪಲಿಗಳು ಬೋರ್ಡಿನ ಕೆಳಗೆ ಜೋಡಿಯಾಗಿ, ಅಚ್ಚುಕಟ್ಟಾಗಿ ಇದ್ದವು.

ಇಲ್ಲಿ ಒಂದು ವಿಷಯ ದಾಖಲಿಸಬೇಕು. ಕಾರಿನಲ್ಲಿ ಅಷ್ಟೆಲ್ಲ ಕೇಳಿಸಿಕೊಂಡು ಬಂದವನು ನಾನು. ಆದರೂ ಅತ್ತೆ ಅಳಿಯನ ಕುಶಲೋಪರಿ ನಡೆಯುತ್ತಿದ್ದ ಆ ಗಳಿಗೆಯಲ್ಲಿ, ನನ್ನ ಕಾಲುಗಳು ನನ್ನನ್ನು ಕೇಳದೆ ತಮ್ಮ ಕೆಲಸ ಮುಗಿಸಿದ್ದವು. ಎಡಗಾಲಿನದು ಬೋರ್ಡಿನ ಪಕ್ಕ, ಬಲಗಾಲಿನದು ಅರಳಿಕಟ್ಟೆಯ ಹಿಂದೆ. ಬರಿಗಾಲಿಗೆ ಮಣ್ಣು ತಣ್ಣಗೆ ತಗುಲಿದ ಮೇಲೆಯೇ ನನಗೆ ಎಚ್ಚರವಾದದ್ದು. ಸಿಸ್ಟರಮ್ಮ ನನ್ನ ಕಾಲು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬಾ ಅತ್ತೆ, ಈ ಸಲನಾದ್ರೂ ಒಳಿಕೆ ಬಾ" ಎಂದ ಶಿವಣ್ಣ.

"ಬತ್ತೀನಿ. ಇಂಗೇ ಬತ್ತೀನಿ" ಎಂದು ಅವರು ಕಾಲು ತೋರಿಸಿದರು.

"ಮತ್ತೆ ಅದೇ ಸುರು ಮಾಡ್ದಾ? ಗ್ರಾನೈಟ್ ಕನತ್ತೆ, ಕರೆ ಆಯ್ತದೆ."

"ಕರೆ ಆದ್ರೆ ನಾನೇ ಒರೆಸ್ತೀನಿ. ಆಸ್ಪತ್ರೇಲಿ ಏನೇನೋ ಒರೆಸಿದ್ದೀನಿ, ಇದ್ಯಾವ ಲೆಕ್ಕ?"

ಶಿವಣ್ಣ ನನ್ನ ಕಡೆ ತಿರುಗಿದ. "ನೋಡಿ ಸಾರ್, ನೀವಾದ್ರೂ ಏಳಿ. ನೀವೇ ಬುಟ್ಟಿದ್ದೀರಿ."

ಬರಿಗಾಲಿನ ಸಾಕ್ಷಿಯಾಗಿ ನಾನು ಅಲ್ಲಿ ನಿಂತಿದ್ದೆ. ವರದಿಗೆ ಹೋದವನು ಜಗಳದಲ್ಲಿ ಪಕ್ಷ ವಹಿಸಬಾರದು ಎಂದು ಕಲಿಸಿಕೊಟ್ಟಿದ್ದರು. ಕೆಮ್ಮಿ ಸುಮ್ಮನಾದೆ.

ಶಿವಣ್ಣನ ದನಿ ಇದ್ದಕ್ಕಿದ್ದ ಹಾಗೆ ತಗ್ಗಿತು. "ಗ್ರಾನೈಟ್ ಮಾತು ಬುಡತ್ತೆ. ನಿಜ ಏಳ್ತೀನಿ. ಮೊನ್ನೆ ದೊಡ್ಡಬೀದಿ ಬೋರೇಗೌಡ್ರು ಬಂದಿದ್ರು. ಇಲ್ಲೇ, ಇದೇ ಜಾಗದಲ್ಲಿ ಎಕ್ಕಡ ಬುಟ್ರು. ಒಳಿಕೋಗಿ ತಾತನ ಫೋಟೋಗೆ ಕೈ ಮುಗಿದ್ರು. ತಾತನ ಕೈ ಮುರಿದೋರು ಅವರಪ್ಪನೇ ಅಲ್ವಾ? ಅದ ನೋಡಿ ನಂಗೆ ಕಣ್ಣಲ್ಲಿ ನೀರು ಬಂದ್ಬುಡ್ತು. ನಾವು ಎಷ್ಟು ಜನರ ಮುಂದೆ ಬುಟ್ಟಿದ್ದೀವಿ ಅತ್ತೆ. ಒಂದು ಕಡೆನಾದ್ರೂ ಅವರು ನಮ್ಮ ಮುಂದೆ ಬುಡಬಾರ್ದಾ?"

ಅವನ ಮಾತನ್ನು ತಳ್ಳಿಹಾಕುವುದು ನನಗೆ ಸಾಧ್ಯವಾಗಲಿಲ್ಲ. ಈಗಲೂ ಸಾಧ್ಯವಿಲ್ಲ. ಸಿಸ್ಟರಮ್ಮನಿಗೂ ಅದು ತಾಗಿತ್ತು. ಅವರು ಮುಂದೆ ಹೋಗಿ ಶಿವಣ್ಣನ ತೋಳು ಹಿಡಿದರು. ಹಿಡಿದದ್ದು ಪ್ರೀತಿಗೋ ಮಂಡಿಯ ಆಸರೆಗೋ ಹೇಳಲಾರೆ.

"ಬೋರೇಗೌಡ ತಾನಾಗೇ ಬುಟ್ನೋ, ನಿನ್ ಬೋರ್ಡ್ ನೋಡಿ ಬುಟ್ನೋ?"

"ಬೋರ್ಡ್ ಐತಲ್ಲ ಅತ್ತೆ."

"ಅಂಗಾರೆ ಅವನು ಮರ್ವಾದೆ ಕೊಟ್ನೋ, ಬೋರ್ಡಿಗೆ ಹೆದರಿದ್ನೋ ನಿಂಗೆ ಎಂಗೊತ್ತಾಯ್ತದ್ಲಾ? ಅವರಪ್ಪಂಗೂ ಇಂಗೇ ಆಗಿತ್ತು. ಕೇರಿಯೋರೆಲ್ಲ ನಂಗೆ ಮರ್ವಾದೆ ಕೊಟ್ಟು ಎಕ್ಕಡ ಬುಡ್ತಾವ್ರೆ ಅಂತ ಅನ್ಕಂಡೇ ಕೂತಿದ್ದ ಜಗಲಿ ಮೇಲೆ. ಆವಾಗ ಬೋರ್ಡ್ ಒಂದು ಇರ್ಲಿಲ್ಲ ಅಷ್ಟೇಯ."

ಶಿವಣ್ಣನ ತೋಳು ಬಿಡದೆಯೇ ಅವರು ಮುಂದುವರಿಸಿದರು.

"ನಿಮ್ಮ ತಾತ ಯಾವತ್ತೂ ಯಾರಿಗೂ ಬುಡು ಅಂದೋನಲ್ಲ ಕಣ್ಲಾ ಶಿವು. ನಾನು ಮೆಟ್ಕತೀನಿ ಅಂದ. ಅಷ್ಟೇ ಅಂದಿದ್ದು."

ಶಿವಣ್ಣ ಬೋರ್ಡಿನ ಕೆಳಗೆ ಹೋಗಿ ತನ್ನ ಚಪ್ಪಲಿಗಳನ್ನು ಮೆಟ್ಟಿಕೊಂಡ. ಡೇರಿಯಿಂದ ನೇರವಾಗಿ ಬಂದವನು. ಅಟ್ಟೆಗೆ ಸೆಗಣಿ ಮೆತ್ತಿತ್ತು. ಕಲ್ಲಿಗೆ ಉಜ್ಜಿದ, ಪೂರ್ತಿ ಹೋಗಲಿಲ್ಲ. ಹಾಗೆಯೇ ಮೆಟ್ಟಿಲು ಹತ್ತಿ, ತಾನೇ ಒರೆಸಿ ಒರೆಸಿ ಹೊಳಪು ಬರಿಸಿದ್ದ ಆ ಕರಿ ನೆಲದ ಮೇಲೆ ಕಾಲಿಟ್ಟು, ಹಿಂದಕ್ಕೆ ತಿರುಗಿ ಕೈ ಚಾಚಿದ.

"ಬಾ ಅತ್ತೆ. ಜಾರ್ತದೆ, ನಿಧಾನ."

ಅವರು ಒಳಗೆ ಹೋದರು. ಹೊಸ ಚಪ್ಪಲಿ ಗ್ರಾನೈಟಿನ ಮೇಲೆ ಚಟಪಟ ಎನ್ನಲಿಲ್ಲ. ಕೀಚ್ ಕೀಚ್ ಎಂದಿತು.

ಈಗ ನನ್ನ ಸರದಿ. ಇಷ್ಟೆಲ್ಲ ಆದ ಮೇಲೆ ಬರಿಗಾಲಲ್ಲಿ ಒಳಗೆ ಹೋಗುವುದು ಸಾಧ್ಯವೇ? ಬೋರ್ಡಿನ ಪಕ್ಕದಿಂದ ಎಡಗಾಲಿನದನ್ನು ಹಾಕಿಕೊಂಡು ಅರಳಿಕಟ್ಟೆಯ ಹಿಂದಕ್ಕೆ ಹೋದೆ. ಬಲಗಾಲಿನದು ಇಲ್ಲ. ಸುತ್ತ ನೋಡಿದರೆ, ಒಂದು ಕಂದು ಬಣ್ಣದ ನಾಯಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಹುಣಸೆಮರದ ಬುಡದಲ್ಲಿ ಮಲಗಿ ನನ್ನನ್ನೇ ನೋಡುತ್ತಿತ್ತು. ನಾನು ಒಂದು ಹೆಜ್ಜೆ ಇಟ್ಟರೆ ಅದು ಎದ್ದು ಎರಡು ಹೆಜ್ಜೆ ದೂರ ಹೋಗುತ್ತಿತ್ತು. ಜೋಡಿಗೆ ಕಾದು ಕದಿಯುವವರನ್ನು ಮಾತ್ರ ನನ್ನ ಲೆಕ್ಕದಲ್ಲಿ ಹಿಡಿದಿದ್ದೆ. ಒಂಟಿಯೇ ಸಾಕು ಎನ್ನುವವರನ್ನು ಮರೆತಿದ್ದೆ.

ಒಳಗಿನಿಂದ ಕರೆ ಬಂತು. ಕಾಯಿಸುವುದು ಸರಿಯಲ್ಲವೆಂದು ಇದ್ದ ಹಾಗೆಯೇ ಮೆಟ್ಟಿಲು ಹತ್ತಿದೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಬೋರ್ಡಿಗೂ ಸಮನಾಗಿ, ಸಿಸ್ಟರಮ್ಮನಿಗೂ ಸಮನಾಗಿ ನ್ಯಾಯ ಒದಗಿಸಿದ ನಿಷ್ಪಕ್ಷಪಾತ ವರದಿಗಾರ.

ಸಿಸ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ಲಾ ಪೇಪರು, ಎರಡೂ ಪಾರ್ಟಿಗೂ ಓಟು ಹಾಕ್ಬುಟ್ಟಾ?"

"ನಾಯಿ ಎತ್ಕೊಂಡು ಹೋಯ್ತು ಸಿಸ್ಟರಮ್ಮ."

"ನಿಂಗೂ ನಾಯಿಗೂ ಏನೋ ಐತೆ ಬುಡು" ಎಂದು ಅವರು ನಕ್ಕ ನಗು ಆ ಖಾಲಿ ಕೋಣೆಯಲ್ಲಿ ಗುಂಯ್ ಎಂದಿತು. ಶಿವಣ್ಣನೂ ನಕ್ಕ. ನಗಬೇಕೆಂದು ಅವನು ಯಾವಾಗಿನಿಂದಲೋ ಕಾಯುತ್ತಿದ್ದ ಹಾಗೆ ಕಂಡಿತು.

ಗಾಜಿನ ಪೆಟ್ಟಿಗೆ ಮಧ್ಯದಲ್ಲಿತ್ತು. ಒಳಗೆ ಮಾದಯ್ಯನವರ ಎಕ್ಕಡ. ಬಾರು ಒಣಗಿ ಸುರುಳಿ ತಿರುಗಿತ್ತು. ಯಾರೋ ಭಕ್ತಿಯಿಂದ ಅರಿಸಿನ ಕುಂಕುಮ ಇಟ್ಟು ಸೇವಂತಿಗೆ ಹೂವು ಮುಡಿಸಿದ್ದರು. ಸಿಸ್ಟರಮ್ಮ ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು. ನಾವಿಬ್ಬರೂ ಸ್ವಲ್ಪ ದೂರ ಸರಿದೆವು.

"ಪೆಟ್ಟಿಗೆ ತೆಗಿಯಕ್ಕಾಯ್ತದೇನ್ಲಾ?"

ಶಿವಣ್ಣ ಬೀಗ ತೆಗೆದ. ಅವರು ಒಂದನ್ನು ಎತ್ತಿ, ಕುಂಕುಮವನ್ನು ಸೆರಗಿನಿಂದ ಒರೆಸಿ, ತಿರುಗಿಸಿ ಅಟ್ಟೆ ತೋರಿಸಿದರು. ಟೈರಿನ ಗೆರೆಗಳು ಅರ್ಧಕ್ಕರ್ಧ ಸವೆದಿದ್ದವು, ಆದರೂ ಕಾಣುತ್ತಿದ್ದವು.

"ಕೆಸರಲ್ಲಿ ನಡೆದ್ರೆ ಲಾರಿ ಹೋದಂಗೆ ಗುರುತು ಮೂಡೋದು ಕನಪ್ಪ. ನಾನು ಅದರ ಮೇಲೇ ಕಾಲಿಟ್ಕಂಡು ಹಿಂದೆ ಹೋಗ್ತಿದ್ದೆ. 'ನಂದು ಲಾರಿ ಕನವ್ವ, ಯಾರೂ ಅಡ್ಡ ಬರಂಗಿಲ್ಲ' ಅನ್ನೋನು. ಬತ್ತಿದ್ರು. ಅಡ್ಡ ಬತ್ತಲೇ ಇದ್ರು. ಆದ್ರೂ ಅಂಗೇ ಅನ್ನೋನು."

ಅದನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟರು. ಹೂವನ್ನು ಹೊರಗೆ ತೆಗೆದು ತಮ್ಮ ಮುಡಿಗೆ ಸಿಕ್ಕಿಸಿಕೊಂಡರು.

ಹೊರಗೆ ಬಂದಾಗ ಶಿವಣ್ಣ ಬೋರ್ಡಿನ ಮುಂದೆ ನಿಂತ. "ಸಾರ್, ನೀವು ಬರಿಯೋರು. ಇದಕ್ಕೆ ಬೇರೆ ಏನಾದ್ರೂ ಬರ್ಸಾನ. ಏನು ಬರ್ಸದು ಏಳಿ."

ಇಷ್ಟು ಹೊತ್ತು ಕೆಲಸಕ್ಕೆ ಬಾರದವನಾಗಿದ್ದ ನನಗೆ ಒಂದು ಕೆಲಸ ಸಿಕ್ಕಿತು. ಯೋಚಿಸಿ, ತೂಗಿ, 'ಪಾದರಕ್ಷೆ ಧರಿಸಿಯೇ ಒಳಗೆ ಬರಬಹುದು' ಎಂದೆ.

"ಬರಬಹುದು ಅಂದ್ರೆ?" ಎಂದರು ಸಿಸ್ಟರಮ್ಮ. "ಯಾರ್ದು ಅಪ್ಪಣೆ?"

'ಬಹುದು' ತೆಗೆದೆ. 'ಧರಿಸಿಯೇ ಬನ್ನಿ' ಎಂದೆ. ಅದು ಇನ್ನೊಂದು ಕಟ್ಟಳೆಯಾಯಿತು. ಬರಿಗಾಲಲ್ಲಿ ಬರುವವರು ಏನು ಮಾಡಬೇಕು? ಅದನ್ನೂ ತೆಗೆದೆ. ಕಡೆಗೆ ಉಳಿದದ್ದು 'ಪಾದರಕ್ಷೆ' ಎಂಬ ಒಂದೇ ಪದ. ಅದನ್ನು ಒಂಟಿಯಾಗಿ ಬಿಟ್ಟರೆ ಓದಿದವರು ಅಂಗಡಿ ಎಂದುಕೊಳ್ಳುತ್ತಿದ್ದರು.

"ಕಿತ್ತಾಕ್ಬುಡಿ" ಎಂದೆ. ಅಷ್ಟು ವರ್ಷದ ಸಂಪಾದನೆಯಲ್ಲಿ ಅದಕ್ಕಿಂತ ಒಳ್ಳೆಯ ತಿದ್ದುಪಡಿ ನಾನು ಮಾಡಿಲ್ಲ.

ಶಿವಣ್ಣ ಬೋರ್ಡನ್ನು ಅಲ್ಲಾಡಿಸಿ ನೋಡಿದ. ಸಿಮೆಂಟು ಹಾಕಿ ಗಟ್ಟಿಯಾಗಿ ನಿಲ್ಲಿಸಿದ್ದ. "ಹಾರೆ ತರಬೇಕು ಸಾರ್" ಎಂದು ಡೇರಿಯ ಕಡೆ ನಡೆದ. ಹೋಗುತ್ತಾ ನಾಯಿಯ ಬಾಯಿಂದ ನನ್ನ ಚಪ್ಪಲಿ ಬಿಡಿಸಿ ನನ್ನತ್ತ ಎಸೆದ. ಹೆಬ್ಬೆರಳಿನ ಪಟ್ಟಿಯ ಹತ್ತಿರ ಹಲ್ಲಿನ ಗುರುತುಗಳಿದ್ದವು, ಬೇರೇನೂ ಆಗಿರಲಿಲ್ಲ. ಎರಡನ್ನೂ ಒಟ್ಟಿಗೆ ಮೆಟ್ಟಿಕೊಂಡಾಗ ಆದ ನೆಮ್ಮದಿಯನ್ನು ನನ್ನ ಹೆಂಡತಿಗೆ ಹೇಳಿದರೆ ನಂಬುವುದಿಲ್ಲ.

ನೇರವಾಗಿ ಮನೆಗೆ ಹೋಗೋಣವೇ ಎಂದೆ. "ಬೆಳ್ಳೂರು ಕ್ರಾಸಲ್ಲಿ ಏನಾರಾ ತಿನ್ಸು" ಎಂದರು ಸಿಸ್ಟರಮ್ಮ. ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಕಿಟಕಿಯ ಹತ್ತಿರ ಕೂತೆವು. ಬಸ್ಸು ನಿಂತಿದ್ದರಿಂದ ಗದ್ದಲವೋ ಗದ್ದಲ. ಅವರು ದೋಸೆ ಹೇಳಿದರು, ಅದು ಬರುವುದರೊಳಗೆ ಮೇಜಿನ ಕೆಳಗೆ ಏನೋ ಸರಸರ ಸದ್ದಾಯಿತು. ಬಗ್ಗಿ ನೋಡಿದರೆ ಹೊಸ ಚಪ್ಪಲಿಗಳು ಒಂದು ಆ ಕಡೆ, ಒಂದು ಈ ಕಡೆ ಬಿದ್ದಿದ್ದವು. ಕಿರುಬೆರಳಿನ ಮೇಲೆ ಬೊಬ್ಬೆ ಎದ್ದಿತ್ತು. ಬರಿಗಾಲುಗಳನ್ನು ತಣ್ಣನೆಯ ನೆಲದ ಮೇಲೆ ಚಾಚಿ ಅವರು ಕಣ್ಣು ಮುಚ್ಚಿ ಕೂತಿದ್ದರು.

"ಅಬ್ಬಾ" ಎಂದರು. "ಜೀವ ಬಂದಂಗಾಯ್ತು."

ನೆಲ ಒರೆಸುತ್ತಾ ಬಂದ ಹೋಟೆಲಿನ ಹೆಂಗಸು ನಮ್ಮ ಮೇಜಿನ ಹತ್ತಿರ ನಿಂತಳು. ಚಪ್ಪಲಿಗಳನ್ನು ನೋಡಿದಳು, ಕಾಲುಗಳನ್ನು ನೋಡಿದಳು.

"ಅಜ್ಜಿ, ಚಪ್ಪಲಿ ಹಾಕ್ಕಳಿ. ನೆಲ ಒದ್ದೆ ಅದೆ."

ಸಿಸ್ಟರಮ್ಮ ಕಣ್ಣು ತೆರೆದರು. ನನ್ನ ಮುಖ ನೋಡಿದರು, ಆಮೇಲೆ ಅವಳ ಮುಖ ನೋಡಿದರು.

"ಹಾಕ್ಕತೀನಿ ಬುಡವ್ವ," ಎಂದರು. "ಅವಸರ ಏನೈತೆ?"